ಹಾಸಿಗೆಯ ಲೆಕ್ಕ, ಮನೆಯ ಲೆಕ್ಕ

ಇದು ಈ ಸರಣಿಯ ಹದಿನೇಳನೇ ಕಂತು. ಸ್ವಲ್ಪ ಉದ್ದ ಆಗಿದೆ, ಕಾಫಿ ಮಾಡ್ಕೊಂಡು ಕೂತು ಓದಿ.

ಹೋದ ಸಲ ಇಲ್ಲಿನ ಹಿಮದ ಬಗ್ಗೆ ಬರೆದಾಗ ದೊಡ್ಡಮ್ಮ ಕೆಳಗೆ ಒಂದು ಪ್ರಶ್ನೆ ಹಾಕಿದ್ದರು. "ಅಲ್ಲಿ ಅಪ್ಪ ಅಮ್ಮ ಸರಿಯಾಗಿ ನೋಡಿಕೊಳ್ಳದಿದ್ರೆ ಮಕ್ಕಳನ್ನ ಸರ್ಕಾರವೇ ಕರ್ಕೊಂಡು ಹೋಗುತ್ತಂತೆ. ಕರ್ಕೊಂಡು ಹೋಗಿ ಎಲ್ಲಿ ಇಡ್ತಾರೆ ಕಣೇ?" ಎರಡು ಸಾಲಿನಲ್ಲಿ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಯಾಕಂದರೆ "ಎಲ್ಲಿ ಇಡೋದು" ಅನ್ನೋ ಇದೇ ಪ್ರಶ್ನೆಯನ್ನು ಚಿಕಾಗೋ, ಡೆಟ್ರಾಯಿಟ್ ಸೀಮೆಯವರು 170 ವರ್ಷದಿಂದ ಕೇಳಿಕೊಳ್ಳುತ್ತಾ ಇದ್ದಾರೆ. ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಮೊದಲು ಒಂದು ಮಾತು ಬಿಡಿಸಿ ಹೇಳ್ತೀನಿ. ಇಲ್ಲಿ ಫೋಸ್ಟರ್ ಕೇರ್ ಅಂತ ಇದೆ. ಅದು ದತ್ತು ಅಲ್ಲ, ಅನಾಥಾಶ್ರಮವೂ ಅಲ್ಲ. ಹೆತ್ತವರ ಹತ್ತಿರ ಮಗುವಿಗೆ ಅಪಾಯ ಅಂತ ಕೋರ್ಟು ತೀರ್ಮಾನಿಸಿದರೆ, ಪರಿಸ್ಥಿತಿ ಸರಿಹೋಗುವ ತನಕ ಇನ್ನೊಂದು ಮನೆಯಲ್ಲಿ ಇರಿಸುತ್ತಾರೆ. ಆ ಮನೆಗೆ ಲೈಸೆನ್ಸ್ ಬೇಕು, ಖರ್ಚಿಗೆ ಸರ್ಕಾರ ದುಡ್ಡು ಕೊಡುತ್ತದೆ. ಸಾಕಿದವರು ಮಗುವನ್ನು ವಾಪಸ್ ಕಳಿಸೋಕೆ ತಯಾರಿರಬೇಕು. ಹೀಗೆ ಬರುವ ಮಕ್ಕಳಿಗೆಲ್ಲ ಸಾಕಾಗುವಷ್ಟು ಮನೆ ಹೊಂದಿಸಿಟ್ಟಿರೋದು ಸರ್ಕಾರದ ಜವಾಬ್ದಾರಿ. ಕಷ್ಟ ಇರೋದೇ ಅಲ್ಲಿ.

ಡೆಟ್ರಾಯಿಟ್ ಹತ್ತಿರದ ಗೆಳತಿಯ ಮನೆಗೆ ಹೋಗೋಕೆ ನಾನು ಎಷ್ಟೋ ಸಲ ಚಿಕಾಗೋದಿಂದ ರೈಲು ಹತ್ತಿದ್ದೀನಿ. ದಾರಿಯಲ್ಲಿ ಮಿಷಿಗನ್ ರಾಜ್ಯದ ಡೊವಾಜಿಯಾಕ್ ಅಂತ ಒಂದು ಸಣ್ಣ ಊರು. ನಮ್ಮ ಕಡೆ ಪ್ಯಾಸೆಂಜರ್ ಗಾಡಿ ಮಾತ್ರ ನಿಲ್ಲೋ ಸ್ಟೇಷನ್ ಇರುತ್ತಲ್ಲ, ಅಷ್ಟೇ ಇದೆ. ಈ ಕಥೆ ಅಲ್ಲಿಂದ ಶುರುವಾಗುತ್ತದೆ ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ.

1854ರ ಅಕ್ಟೋಬರ್ 1ನೇ ತಾರೀಕು ಸುಮಾರು 45 ಮಕ್ಕಳು ಆ ಊರಲ್ಲಿ ರೈಲಿನಿಂದ ಇಳಿದರು. ನ್ಯೂಯಾರ್ಕಿನ ಬೀದಿಯಲ್ಲಿದ್ದ ಮಕ್ಕಳು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಅನ್ನೋ ಪಾದ್ರಿ 1853ರಲ್ಲಿ ಕಟ್ಟಿದ ಚಿಲ್ಡ್ರನ್ಸ್ ಏಡ್ ಸೊಸೈಟಿ ಅವರನ್ನು ಕಳಿಸಿತ್ತು. ದೋಣಿ, ರೈಲು, ಮತ್ತೆ ಈರೀ ಸರೋವರದ ಹಡಗು, ಡೆಟ್ರಾಯಿಟ್‌ನಲ್ಲಿ ಇಳಿದು ಮತ್ತೆ ರೈಲು. ಊರಿನ ರೈತರು ಒಂದು ಕಡೆ ಸೇರಿ ಮಕ್ಕಳನ್ನು ನೋಡಿ, ಬೇಕಾದವರನ್ನು ಕರೆದುಕೊಂಡು ಹೋದರು. ಯಾರೂ ಆರಿಸದೆ ಉಳಿದ ಕೆಲವರನ್ನು ಚಿಕಾಗೋಗೆ ತಂದು, ಅಲ್ಲಿಂದ ಅಯೋವಾ ಕಡೆಗೆ ರೈಲು ಹತ್ತಿಸಿದರು. ಹೀಗೆ ಶುರುವಾದ ಅನಾಥ ರೈಲುಗಳು 1929ರ ತನಕ ಓಡಿದವು. ಒಟ್ಟು ಎರಡು ಲಕ್ಷದಷ್ಟು ಮಕ್ಕಳು. ಎಷ್ಟೋ ಜನಕ್ಕೆ ಹೆತ್ತವರು ಬದುಕಿದ್ದರು. ಕೆಲವರಿಗೆ ಒಳ್ಳೆ ಮನೆ ಸಿಕ್ಕಿತು, ಕೆಲವರು ಗದ್ದೆ ಕೆಲಸದ ಆಳಾದರು. ಅಣ್ಣ ಒಂದು ಊರಲ್ಲಿ ಇಳಿದರೆ ತಂಗಿ ಮುಂದಿನ ಊರಲ್ಲಿ ಇಳಿದಳು.

ಬ್ರೇಸ್ ಕೆಟ್ಟ ಮನುಷ್ಯ ಅಂತ ಹೇಳೋಕೆ ಇದನ್ನು ಬರೆದಿಲ್ಲ. ದೊಡ್ಡ ಕಟ್ಟಡದಲ್ಲಿ ಕೂಡಿಹಾಕೋದಕ್ಕಿಂತ ಒಂದು ಕುಟುಂಬ ಮೇಲು ಅನ್ನೋ ಅವರ ಮಾತು ಇವತ್ತಿಗೂ ಸರಿ. ಆದರೆ ಅವರು ನೋಡಿದ್ದು ಯಾವ ಊರಲ್ಲಿ ಎಷ್ಟು ಜಾಗ ಇದೆ ಅಂತ. ಈ ಮಗುವಿಗೆ ಯಾರು ಬೇಕು ಅಂತ ಕೇಳಿದವರು ಕಡಿಮೆ.

ಮಿಷಿಗನ್ ರಾಜ್ಯ ಆಮೇಲೆ ಬೇರೆ ದಾರಿ ಹಿಡಿಯಿತು. 1871ರಲ್ಲಿ ಕಾನೂನು ಮಾಡಿ, 1874ರಲ್ಲಿ ಕೋಲ್ಡ್‌ವಾಟರ್ ಅನ್ನೋ ಊರಲ್ಲಿ ಮಕ್ಕಳಿಗಾಗಿಯೇ ಸರ್ಕಾರಿ ಶಾಲೆ ತೆರೆಯಿತು. ಅಲ್ಲಿಯವರೆಗೆ ಗತಿಯಿಲ್ಲದ ಮಕ್ಕಳನ್ನು ಬಡವರ ಛತ್ರಗಳಲ್ಲಿ ಮುದುಕರು, ರೋಗಿಗಳ ಜೊತೆ ಇಡುತ್ತಿದ್ದರು. ಇಲ್ಲಿ ಸಣ್ಣ ಸಣ್ಣ ಮನೆಗಳಲ್ಲಿ ಗುಂಪಾಗಿ ಇರಿಸಿ, ಓದಿಸಿ, ಆಮೇಲೆ ಕುಟುಂಬಗಳಿಗೆ ಕಳಿಸುವ ಯೋಜನೆ. ಇಡೀ ದೇಶದಲ್ಲಿ ಒಂದು ರಾಜ್ಯ ಸರ್ಕಾರ ಇದು ತನ್ನ ಕೆಲಸ ಅಂತ ಒಪ್ಪಿಕೊಂಡದ್ದು ಅದೇ ಮೊದಲು.

ಚಿಕಾಗೋ ಪಾಲಿಗೆ ದೊಡ್ಡ ವರ್ಷ 1899. ಜುಲೈ 1ರಂದು ಮಕ್ಕಳಿಗೇ ಬೇರೆ ನ್ಯಾಯಾಲಯ ಅನ್ನೋ ಕಾನೂನು ಇಲ್ಲಿ ಜಾರಿಗೆ ಬಂತು. ದೇಶದಲ್ಲೇ ಮೊದಲನೆಯದು. ಅದರ ಹಿಂದೆ ಇದ್ದವರು ಹಲ್ ಹೌಸ್‌ನ ಜೇನ್ ಆಡಮ್ಸ್, ಜೂಲಿಯಾ ಲ್ಯಾಥ್ರಪ್ ಮುಂತಾದ ಹೆಂಗಸರು. ತಪ್ಪು ಮಾಡಿದ ಮಗುವೇ ಇರಲಿ, ಗತಿಯಿಲ್ಲದ ಮಗುವೇ ಇರಲಿ, ಜೈಲಿಗೆ ಹೋಗಬಾರದು ಅನ್ನೋದು ಅವರ ಹೋರಾಟ. ಕೋರ್ಟೇನೋ ಬಂತು. ಆದರೆ ಜಡ್ಜ್ ಕೈಯಲ್ಲಿ ಕಾನೂನು ಇತ್ತೇ ಹೊರತು ಮಕ್ಕಳನ್ನು ಕಳಿಸೋಕೆ ಮನೆ ಇರಲಿಲ್ಲ. ಇದ್ದದ್ದು ಚರ್ಚುಗಳ, ದಾನಿಗಳ ಆಶ್ರಮಗಳು. ಯಾರನ್ನು ಸೇರಿಸಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಅವರೇ.

ಅವುಗಳಲ್ಲಿ ಹೆಚ್ಚಿನವು ಕಪ್ಪು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಅದೇ 1899ರಲ್ಲಿ ಚಿಕಾಗೋ ದಕ್ಷಿಣದ ಹಾರ್ವೆ ಅನ್ನೋ ಊರಲ್ಲಿ ಅಮಾಂಡಾ ಸ್ಮಿತ್ ಅನ್ನೋರು ಕಪ್ಪು ಮಕ್ಕಳಿಗಾಗಿ ಒಂದು ಆಶ್ರಮ ತೆರೆದರು. ಅವರು ಸ್ವತಃ ಗುಲಾಮರಾಗಿ ಹುಟ್ಟಿದವರು, ಊರೂರು ತಿರುಗಿ ಧರ್ಮಪ್ರಚಾರ ಮಾಡಿ ಕೂಡಿಟ್ಟ ಹಣ ಅದಕ್ಕೆ ಹಾಕಿದರು. ದುಡ್ಡಿಗೆ ಯಾವಾಗಲೂ ತತ್ವಾರ. ಅವರು ತೀರಿಕೊಂಡ ಮೇಲೆ 1918ರಲ್ಲಿ ಅಲ್ಲಿ ಬೆಂಕಿ ಬಿದ್ದು ಇಬ್ಬರು ಹುಡುಗಿಯರು ಸತ್ತರು. ಆಶ್ರಮ ಮತ್ತೆ ತೆರೆಯಲಿಲ್ಲ. ಊರಿನ ಒಟ್ಟು ಲೆಕ್ಕದಲ್ಲಿ ಬೇರೆ ಕಡೆ ಹಾಸಿಗೆಗಳು ಇದ್ದವು, ಆದರೆ ಈ ಹುಡುಗಿಯರಿಗೆ ಇರಲಿಲ್ಲ. ಒಂದು ಸೀಮೆಗೆ ಇಷ್ಟು ಹಾಸಿಗೆ ಅಂತ ಕೂಡಿಸಿ ಬರೆದ ಲೆಕ್ಕ ಯಾಕೆ ಸಾಲದು ಅನ್ನೋದು ನನಗೆ ಅರ್ಥ ಆಗಿದ್ದು ಇದನ್ನು ಓದಿದಾಗ.

ಇನ್ನೊಂದು ಒಳ್ಳೆ ಯೋಚನೆಯೂ ಇದೇ ಕಾಲದಲ್ಲಿ ಬಂತು. 1909ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಶ್ವೇತಭವನದಲ್ಲಿ ಸಭೆ ಕರೆದು, ಬರೀ ಬಡತನಕ್ಕೋಸ್ಕರ ಮಗುವನ್ನು ತಾಯಿಯಿಂದ ಬಿಡಿಸಬಾರದು ಅನ್ನೋ ತೀರ್ಮಾನಕ್ಕೆ ಬಂದರು. 1911ರಲ್ಲಿ ಇಲಿನಾಯ್ ರಾಜ್ಯ ಒಂದು ಕಾನೂನು ಮಾಡಿತು: ಮಗುವನ್ನು ಆಶ್ರಮಕ್ಕೆ ಕಳಿಸೋ ಬದಲು ತಾಯಿಗೇ ತಿಂಗಳ ಹಣ. ಇಡೀ ರಾಜ್ಯಕ್ಕೆ ಅನ್ವಯಿಸುವ ಇಂಥ ಕಾನೂನು ದೇಶದಲ್ಲಿ ಅದೇ ಮೊದಲು. ಮರುವರ್ಷ ಕೇಂದ್ರ ಸರ್ಕಾರ ಮಕ್ಕಳ ಬ್ಯೂರೋ ತೆರೆದಾಗ ಅದರ ಮುಖ್ಯಸ್ಥೆ ಆದವರು ನಮ್ಮ ಜೂಲಿಯಾ ಲ್ಯಾಥ್ರಪ್. ಹೊಸ ಮನೆ ಹುಡುಕೋದಕ್ಕೆ ಮೊದಲು ಇರೋ ಮನೆ ಮುರಿಯದ ಹಾಗೆ ನೋಡಿಕೊಳ್ಳೋದೂ ಯೋಜನೆಯ ಒಂದು ಭಾಗ ಅಂತ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಮತ್ತೆ ಮರೆತರು. 1991ರಲ್ಲಿ, ಅಂದರೆ 80 ವರ್ಷ ಆದಮೇಲೆ, ಇದೇ ರಾಜ್ಯ ನಾರ್ಮನ್ ಅನ್ನೋ ಮೊಕದ್ದಮೆಯಲ್ಲಿ ಮತ್ತೆ ಕೋರ್ಟಿನ ಮುಂದೆ ಬರೆದುಕೊಡಬೇಕಾಯಿತು: ಬಾಡಿಗೆ ಕಟ್ಟೋಕೆ ಆಗಲಿಲ್ಲ ಅಂತ ಮಕ್ಕಳನ್ನು ಕರೆದುಕೊಂಡು ಹೋಗಲ್ಲ, ಮನೆ ಹಿಡಿಯೋಕೆ ಸಹಾಯ ಮಾಡ್ತೀವಿ ಅಂತ.

ಈಗ ಡೆಟ್ರಾಯಿಟ್‌ಗೆ ಬನ್ನಿ. 1960ರ ದಶಕದಲ್ಲಿ ಅಲ್ಲಿನ ಸಂಸ್ಥೆಗಳೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಕಪ್ಪು ಮಕ್ಕಳನ್ನು ದತ್ತು ತಗೊಳ್ಳೋ ಕುಟುಂಬಗಳೇ ಇಲ್ಲ. ಸಿಡ್ನಿ ಡಂಕನ್ ಅನ್ನೋ ಸಮಾಜಕಾರ್ಯಕರ್ತೆ ಅದನ್ನು ನಂಬಲಿಲ್ಲ. 1969ರಲ್ಲಿ ಅವರ ಮುಂದಾಳತ್ವದಲ್ಲಿ ಹೋಮ್ಸ್ ಫಾರ್ ಬ್ಲ್ಯಾಕ್ ಚಿಲ್ಡ್ರನ್ ಅನ್ನೋ ಸಂಸ್ಥೆ ಶುರುವಾಯಿತು. ಬಂದವರನ್ನು ಹೇಗೆ ತಳ್ಳಿಹಾಕೋದು ಅಂತ ನೋಡೋ ಬದಲು ಹೇಗೆ ಸೇರಿಸಿಕೊಳ್ಳೋದು ಅಂತ ನೋಡಿದರು. ಮೊದಲನೇ ವರ್ಷವೇ ನೂರಕ್ಕಿಂತ ಹೆಚ್ಚು ಮಕ್ಕಳಿಗೆ ಮನೆ ಸಿಕ್ಕಿತು. ಕುಟುಂಬಗಳು ಮೊದಲಿಂದಲೂ ಇದ್ದವು. ಅಷ್ಟು ವರ್ಷ ಅವರನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಫಾರಂ ಮತ್ತು ಕೇಳುವ ಧಾಟಿ.

ಅದೇ ಹೊತ್ತಿಗೆ ಇಲಿನಾಯ್‌ನಲ್ಲಿ ಏನಾಗುತ್ತಿತ್ತು? 1964ರಲ್ಲಿ ಹುಟ್ಟಿದ ಮಕ್ಕಳ ಇಲಾಖೆ ಇದೆ, ಎಲ್ಲರೂ ಡಿಸಿಎಫ್‌ಎಸ್ ಅಂತಾರೆ. ಇಲ್ಲಿ ಜಾಗ ಇಲ್ಲ ಅಂತ ಅದು ನೂರಾರು ಮಕ್ಕಳನ್ನು ಸಾವಿರ ಮೈಲಿ ದೂರದ ಟೆಕ್ಸಾಸ್ ರಾಜ್ಯದ ಖಾಸಗಿ ಸಂಸ್ಥೆಗಳಿಗೆ ಕಳಿಸಿತ್ತು. ಅಷ್ಟು ದೂರ ಹೋಗಿ ನೋಡಿ ಬರುವವರು ಯಾರು? 1970ರ ದಶಕದ ಶುರುವಿನಲ್ಲಿ ಪ್ಯಾಟ್ರಿಕ್ ಮರ್ಫಿ ಅನ್ನೋ ವಕೀಲರು ಇದನ್ನು ಬಯಲಿಗೆ ಎಳೆದ ಮೇಲೆ ಮಕ್ಕಳನ್ನು ವಾಪಸ್ ಕರೆಸಿದರು. ಹಾಸಿಗೆ ಲೆಕ್ಕದಲ್ಲಿ ನೋಡಿದರೆ ಟೆಕ್ಸಾಸ್‌ನಲ್ಲಿ ಜಾಗ ಇತ್ತು, ತಪ್ಪೇನೂ ಕಾಣಲ್ಲ.

ಭಾಷೆಯ ಕಥೆ ಕೇಳಿ, ನಮಗೆ ಬೇಗ ಅರ್ಥ ಆಗುತ್ತೆ. ಚಿಕಾಗೋದಲ್ಲಿ ಪೋರ್ಟೊರಿಕೊ, ಮೆಕ್ಸಿಕೊ ಕಡೆಯ ಕುಟುಂಬಗಳು ಬಹಳ. ಅವರ ಮಕ್ಕಳನ್ನು ಇಂಗ್ಲಿಷ್ ಮಾತ್ರ ಬರೋ ಮನೆಗಳಿಗೆ ಕಳಿಸುತ್ತಿದ್ದರು. ಒಂದೆರಡು ವರ್ಷ ಆದಮೇಲೆ ತಾಯಿ ನೋಡೋಕೆ ಬಂದರೆ ಮಗುವಿಗೆ ಸ್ಪ್ಯಾನಿಷ್ ಬರದು, ತಾಯಿಗೆ ಇಂಗ್ಲಿಷ್ ಬರದು. ಮಾತೇ ಆಡೋಕಾಗದ ತಾಯಿ ಮಗುವನ್ನು ಮತ್ತೆ ಹೇಗೆ ಒಂದು ಮಾಡ್ತೀರಿ? 1975ರಲ್ಲಿ ಕೇಸು ಹಾಕಿದರು. 1977ರಲ್ಲಿ ಬರ್ಗೋಸ್ ಒಪ್ಪಂದ ಅಂತ ಆಯಿತು: ಸ್ಪ್ಯಾನಿಷ್ ಮಾತಾಡೋ ಕುಟುಂಬದ ಮಗುವಿಗೆ ಸ್ಪ್ಯಾನಿಷ್ ಬರೋ ಮನೆ, ಅದೇ ಭಾಷೆ ಬರೋ ಸಿಬ್ಬಂದಿ ಕೊಡಬೇಕು. ನಮ್ಮ ಮಗು ಎರಡು ವರ್ಷ ಕನ್ನಡ ಕಿವಿಗೆ ಬೀಳದ ಮನೆಯಲ್ಲಿ ಇದ್ದರೆ ಅಂತ ಒಂದು ಕ್ಷಣ ಯೋಚಿಸಿ.

ಇನ್ನೊಂದು ಕೇಸು ಓದುವಾಗ ನನಗೆ ನಮ್ಮದೇ ಮನೆ ನೆನಪಾಯಿತು. ಇಲಿನಾಯ್‌ನಲ್ಲಿ ನಾಲ್ಕು ಜನ ಒಡಹುಟ್ಟಿದವರು ಸರ್ಕಾರದ ಪಾಲನೆಗೆ ಬಂದು ಬೇರೆಯವರ ಮನೆಯಲ್ಲಿ ಬೆಳೆಯುತ್ತಿದ್ದರು. 1972ರಲ್ಲಿ ಅವರ ಮದುವೆಯಾದ ಅಕ್ಕ ಮತ್ತು ಭಾವ ಇಬ್ಬರನ್ನು ತಮ್ಮ ಮನೆಗೆ ತಂದುಕೊಂಡರು. ಮನೆ ಸರಿಯಾಗಿದೆ ಅಂತ ಇಲಾಖೆಯೇ ಒಪ್ಪಿತು. ಆದರೆ ನೀನು ಸ್ವಂತ ಅಕ್ಕ ಅಂತ ಹೇಳಿ ಬೇರೆಯವರಿಗೆ ಕೊಡುವಷ್ಟು ದುಡ್ಡು ಕೊಡಲಿಲ್ಲ. ಅಷ್ಟರಲ್ಲಿ ಸಾಕೋಕೆ ಆಗದೆ ಉಳಿದ ಇಬ್ಬರನ್ನು ಕರೆತರೋದೂ ಕಷ್ಟವಾಯಿತು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. 1979ರಲ್ಲಿ ಮಿಲ್ಲರ್ ವರ್ಸಸ್ ಯೂಅಕಿಮ್ ತೀರ್ಪು ಬಂತು: ಸಂಬಂಧಿಕರು ಅನ್ನೋ ಕಾರಣಕ್ಕೆ ಕಡಿಮೆ ಕೊಡುವಂತಿಲ್ಲ.

ನಮ್ಮ ಮನೆ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಒಂದೇ ಅಪಘಾತದಲ್ಲಿ ಹೋದಾಗ ನನಗೆ ಹನ್ನೊಂದು ವರ್ಷ. ತಿಥಿ ಊಟ ಆದಮೇಲೆ ಹಿರಿಯರು ಜಗಲಿ ಮೇಲೆ ಕೂತು ಯಾರ ಮನೆಯಲ್ಲಿ ಎಷ್ಟು ಜಾಗ, ಯಾರಿಗೆ ಎಷ್ಟು ಆಗುತ್ತೆ ಅಂತ ಮಾತಾಡಿದರು. ಹುಡುಗ ನಮ್ಮ ಮನೆಗೆ, ಹುಡುಗಿ ಅರಸೀಕೆರೆಯ ಅತ್ತೆ ಮನೆಗೆ. ಮಕ್ಕಳು ಹಾಸ್ಟೆಲಿಗೆ ಹೋಗಲಿಲ್ಲ ಅಂತ ನಮಗೆಲ್ಲ ಸಮಾಧಾನ, ಈಗಲೂ ಅದರ ಬಗ್ಗೆ ಹೆಮ್ಮೆಯೇ. ಆದರೆ ರಜ ಮುಗಿದು ಅವಳು ಬಸ್ ಹತ್ತುವಾಗ ಅಣ್ಣನ ಅಂಗಿ ಹಿಡಿದುಕೊಂಡು ಅಳುತ್ತಿದ್ದದ್ದನ್ನು ನಾನೂ ನೋಡಿದ್ದೀನಿ. ಅವಳನ್ನು ಕೇಳಿಯೇ ಇದನ್ನು ಬರೀತಿದ್ದೀನಿ. ಫೋನಿನಲ್ಲಿ ಅವಳು ಹೇಳಿದಳು: "ಬರಿ ಅಕ್ಕ. ಅತ್ತೆ ನನ್ನ ಮಗಳ ಥರಾನೇ ನೋಡ್ಕೊಂಡ್ರು. ಆದ್ರೆ ರಾತ್ರಿ ಆದ್ರೆ ಅಣ್ಣ ಊಟ ಮಾಡಿದ್ನೋ ಇಲ್ವೋ ಅಂತ ಯೋಚನೆ ಬರ್ತಿತ್ತು." ಅವತ್ತು ಜಗಲಿ ಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಬೈಯೋಕೆ ಹೇಳ್ತಿಲ್ಲ. ನಾವೂ ಜಾಗದ ಲೆಕ್ಕವನ್ನೇ ಹಾಕಿದ್ವಿ, ಅಷ್ಟೇ.

ಮತ್ತೆ ಚಿಕಾಗೋಗೆ. 1993ರಲ್ಲಿ ಇಲಾಖೆಗೆ ಗೊತ್ತಿದ್ದ ಒಂದು ಮನೆಯಲ್ಲೇ ಒಂದು ಪುಟ್ಟ ಮಗುವಿನ ಕೊಲೆ ಆಯಿತು. ಮರುವರ್ಷ ಕೀಸ್ಟೋನ್ ಅವೆನ್ಯೂನ ಒಂದು ಗಲೀಜು ಮನೆಯಲ್ಲಿ ಪೊಲೀಸರಿಗೆ 19 ಮಕ್ಕಳು ಸಿಕ್ಕಿದರು. ಟಿವಿ, ಪೇಪರ್ ಎಲ್ಲ ಕಡೆ ಅದೇ ಸುದ್ದಿ. ಹೆದರಿದ ಇಲಾಖೆ ಸಣ್ಣ ಅನುಮಾನ ಬಂದರೂ ಮಕ್ಕಳನ್ನು ತರೋಕೆ ಶುರು ಮಾಡಿತು. 1997ರ ಹೊತ್ತಿಗೆ ಇಲಿನಾಯ್ ಒಂದರಲ್ಲೇ ಸರ್ಕಾರದ ಪಾಲನೆಯಲ್ಲಿ 50 ಸಾವಿರಕ್ಕಿಂತ ಹೆಚ್ಚು ಮಕ್ಕಳು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ನಿಜವಾಗಿ ಸಾಕುತ್ತಿದ್ದವರು ಅಜ್ಜಿಯರು, ಅತ್ತೆಯರು, ದೊಡ್ಡಮ್ಮಂದಿರು.

ಆಗ ರಾಜ್ಯ ಒಂದು ಹೊಸ ಪ್ರಯೋಗ ಮಾಡಿತು. ಅಜ್ಜಿಗೆ ಮೊಮ್ಮಗುವನ್ನು ದತ್ತು ತಗೊಳ್ಳೋಕೆ ಇಷ್ಟ ಇರಲ್ಲ, ಯಾಕಂದರೆ ಆಗ ಸ್ವಂತ ಮಗಳ ತಾಯ್ತನವನ್ನು ಕಾನೂನಿನಲ್ಲಿ ಅಳಿಸಿದ ಹಾಗೆ. ಹಾಗಂತ ಮಗುವಿಗೆ 18 ಆಗೋ ತನಕ ಕೋರ್ಟು, ಕೇಸ್‌ವರ್ಕರ್ ಓಡಾಟ ಯಾಕೆ? 1997ರಿಂದ ಅಜ್ಜಿಯನ್ನೇ ಕಾನೂನು ಪ್ರಕಾರ ಪೋಷಕಿ ಮಾಡಿ, ತಿಂಗಳ ಹಣ ಮುಂದುವರಿಸಿ, ಕೇಸು ಮುಗಿಸಿದರು. ಇದು ಮತ್ತು ದತ್ತು ಎರಡೂ ಸೇರಿ, 2000ದ ದಶಕದ ಮಧ್ಯಕ್ಕೆ ಸಂಖ್ಯೆ 20 ಸಾವಿರಕ್ಕಿಂತ ಕೆಳಗೆ ಇಳಿಯಿತು. 2008ರಲ್ಲಿ ಕೇಂದ್ರ ಸರ್ಕಾರ ಇದೇ ವ್ಯವಸ್ಥೆಯನ್ನು ದೇಶದ ಎಲ್ಲ ರಾಜ್ಯಗಳಿಗೂ ತೆರೆಯಿತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. 2015ರಿಂದ ಇಲಿನಾಯ್ ದೊಡ್ಡ ಸಂಸ್ಥೆಗಳ ನೂರಾರು ಹಾಸಿಗೆಗಳನ್ನು ಕಡಿಮೆ ಮಾಡಿತು. ಅದರ ಬದಲು ಮಾನಸಿಕ ತೊಂದರೆ ಇರೋ ಮಕ್ಕಳನ್ನು ನೋಡಿಕೊಳ್ಳೋಕೆ ವಿಶೇಷ ತರಬೇತಿ ಪಡೆದ ಕುಟುಂಬಗಳು ಬರುತ್ತವೆ ಅನ್ನೋ ಮಾತಿತ್ತು. ಯೋಚನೆ ಒಳ್ಳೇದೇ. ಆದರೆ ಹಾಸಿಗೆ ಮೊದಲು ಹೋಯಿತು, ಕುಟುಂಬಗಳು ಬೇಕಾದಷ್ಟು ಬರಲಿಲ್ಲ.

ಆ ಮಕ್ಕಳು ಎಲ್ಲಿ ಹೋದರು? ಆಸ್ಪತ್ರೆಯಲ್ಲೇ ಉಳಿದರು. ಇದು ನಮ್ಮ ವೃತ್ತಿಗೆ ಹತ್ತಿರದ ವಿಷಯ. ರೋಗಿಗಳ ವಿಚಾರ ನಾನು ಎಲ್ಲೂ ಬರೆಯಲ್ಲ, ಇದು 2018ರಲ್ಲಿ ಇಲ್ಲಿನ ಪತ್ರಿಕೆಗಳಲ್ಲಿ ಬಂದ ಸುದ್ದಿ. ಮನೋರೋಗ ಆಸ್ಪತ್ರೆಗಳಲ್ಲಿ ಡಾಕ್ಟರು ಡಿಸ್ಚಾರ್ಜ್ ಅಂತ ಬರೆದ ಮೇಲೂ, ಕರೆದುಕೊಂಡು ಹೋಗೋಕೆ ಮನೆ ಇಲ್ಲದೆ ನೂರಾರು ಮಕ್ಕಳು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಒಳಗೇ ಇದ್ದರು. ಶಾಲೆ ಇಲ್ಲ, ಹೊರಗಿನ ಗಾಳಿ ಇಲ್ಲ. ನರ್ಸ್ ಆಗಿ ನನಗೆ ಗೊತ್ತು, ವಾಸಿಯಾದ ಮಗುವನ್ನು ವಾರ್ಡಿನಲ್ಲಿ ಇಟ್ಟುಕೊಂಡರೆ ಅದು ಮತ್ತೆ ಕಾಯಿಲೆ ಬೀಳುತ್ತೆ. ಪಕ್ಕದ ಮಂಚದ ಮಗುವನ್ನು ಅಪ್ಪ ಎತ್ತಿಕೊಂಡು ಹೋಗೋದನ್ನು ಎಷ್ಟು ಸಲ ನೋಡೋಕಾಗುತ್ತೆ? 2022ರಲ್ಲಿ ಒಬ್ಬ ಜಡ್ಜ್ ಇದೇ ಥರದ ಮಕ್ಕಳ ವಿಷಯದಲ್ಲಿ ಇಲಾಖೆಯ ಮುಖ್ಯಸ್ಥರ ಮೇಲೆ ನ್ಯಾಯಾಂಗ ನಿಂದನೆ ಹೊರಿಸಿದರು. ಮೇಲಿನ ಕೋರ್ಟಿನಲ್ಲಿ ಆ ಆದೇಶ ನಿಲ್ಲಲಿಲ್ಲ. ಆ ಜಡ್ಜ್ ಯಾರು ಅಂದರೆ, ಟೆಕ್ಸಾಸ್ ವಿಷಯ ಬಯಲಿಗೆಳೆದ ಅದೇ ಪ್ಯಾಟ್ರಿಕ್ ಮರ್ಫಿ. ಸುಮಾರು 50 ವರ್ಷ ಆಗಿತ್ತು, ಅವರ ಮುಂದೆ ಇದ್ದದ್ದು ಅದೇ ಪ್ರಶ್ನೆ.

ಹಾಗಾದರೆ ಸರಿಯಾದ ಲೆಕ್ಕ ಹೇಗೆ? ಓದಿದ್ದು, ನೋಡಿದ್ದು ಸೇರಿಸಿ ನನಗೆ ಅನ್ನಿಸಿದ್ದು ಇಷ್ಟು. ಒಂದು ಸೀಮೆಯಲ್ಲಿ ಎಷ್ಟು ಹಾಸಿಗೆ ಅಂತ ಎಣಿಸೋದು ಕೊನೆಯ ಕೆಲಸ. ಮೊದಲು ಬರೋ ಮಕ್ಕಳು ಯಾರು ಅಂತ ನೋಡಬೇಕು. ಕೈಗೂಸುಗಳೆಷ್ಟು, ಹದಿಹರೆಯದವರೆಷ್ಟು, ಒಡಹುಟ್ಟಿದವರ ಗುಂಪುಗಳೆಷ್ಟು, ಯಾವ ಭಾಷೆ, ಯಾವ ಶಾಲೆ, ಯಾರಿಗೆ ಔಷಧಿ ಬೇಕು. ಆಮೇಲೆ ಅವರವರ ಬಂಧುಗಳನ್ನು ಹುಡುಕಬೇಕು. ಸಿಗದವರಿಗೆ ಅದೇ ಊರಿನ ಹತ್ತಿರ ಮನೆಗಳನ್ನು ಮುಂಚೆಯೇ ತಯಾರು ಮಾಡಬೇಕು. ಕೆಲವು ಮನೆ ಯಾವಾಗಲೂ ಖಾಲಿ ಇರಬೇಕು, ಐಸಿಯುನಲ್ಲಿ ಒಂದು ಬೆಡ್ ಖಾಲಿ ಇಟ್ಟ ಹಾಗೆ. ಲೆಕ್ಕ ಬರೆಯೋರಿಗೆ ಖಾಲಿ ಮನೆ ದಂಡ ಅಂತ ಕಾಣುತ್ತೆ. ರಾತ್ರಿ ಎರಡು ಗಂಟೆಗೆ ಪೊಲೀಸ್ ಕಾರಿನಲ್ಲಿ ಮಗು ಬಂದಾಗ ಅದರ ಬೆಲೆ ಗೊತ್ತಾಗುತ್ತೆ.

ಇತ್ತೀಚೆಗೆ ಗಾಳಿ ಸ್ವಲ್ಪ ಒಳ್ಳೆ ಕಡೆಗೆ ಬೀಸುತ್ತಿದೆ. 2023ರಲ್ಲಿ ಕೇಂದ್ರ ಸರ್ಕಾರ ಬಂಧುಗಳಿಗೆ ಬೇರೆ, ಸರಳವಾದ ಲೈಸೆನ್ಸ್ ನಿಯಮಕ್ಕೆ ಅನುಮತಿ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಇಲಿನಾಯ್ ಗವರ್ನರ್ ಬಂಧುಗಳಿಗೇ ಮೊದಲ ಆದ್ಯತೆ ಕೊಡುವ ಹೊಸ ಕಾನೂನಿಗೆ ಸಹಿ ಹಾಕಿದರು. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯಲ್ಲೂ ಸಂಸ್ಥೆ ಅನ್ನೋದು ಕೊನೆಯ ದಾರಿ ಅಂತಲೇ ಇದೆ, ಫೋಸ್ಟರ್ ಕೇರ್‌ಗೂ ಅವಕಾಶ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾರಾದರೂ ಹೀಗೆ ಮಗು ಸಾಕುತ್ತಿದ್ದರೆ ಹೇಗೆ ನಡೆಯುತ್ತಿದೆ ಅಂತ ಕೆಳಗೆ ಬರೆಯಿರಿ, ಮಗುವಿನ ಹೆಸರು ಮಾತ್ರ ಬೇಡ.

ಕೊನೆಗೆ ಅಮ್ಮನಿಗೆ. ನಾವಿಬ್ಬರೂ ಫೋಸ್ಟರ್ ಲೈಸೆನ್ಸಿಗೆ ಅರ್ಜಿ ಹಾಕ್ತೀವಿ ಅಂದಾಗ ನೀನು ಫೋನಿನಲ್ಲಿ ಬೇಡ ಅಂದೆ. "ಸಾಕಿ ಬೆಳೆಸಿ ವಾಪಸ್ ಕಳಿಸೋಕೆ ನಿನ್ನ ಕೈಲಿ ಆಗಲ್ಲ, ಮನಸ್ಸು ಒಡೆದುಕೊಳ್ತೀಯ" ಅಂದೆ. ನೀನು ಹೇಳಿದ್ದು ಸುಳ್ಳಲ್ಲ. ಆದರೂ ಹೋದ ವಾರ ಫಾರಂ ತುಂಬಿದ್ವಿ. ಬೆರಳಚ್ಚು ಕೊಟ್ಟಾಯಿತು, ತರಬೇತಿ ಶುರುವಾಗಬೇಕು, ಮನೆ ನೋಡೋಕೆ ಬರ್ತಾರೆ. ಎಷ್ಟು ಮಕ್ಕಳು ಅಂತ ಒಂದು ಕಡೆ ಕೇಳಿತ್ತು. ಇವರು ಒಂದು ಅಂತ ಬರೆಯೋಕೆ ಹೋದರು. ನಾನು ಪೆನ್ನು ತಗೊಂಡು ಎರಡು ಅಂತ ಬರೆದು, ಪಕ್ಕದಲ್ಲಿ ಒಡಹುಟ್ಟಿದವರು ಅಂತ ಸೇರಿಸಿದೆ. ಸಣ್ಣ ರೂಮಿನಲ್ಲಿ ಎರಡು ಮಂಚ ಹಿಡಿಯುತ್ತೆ, ಅಳತೆ ಹಾಕಿ ನೋಡಿದ್ದೀನಿ.

ಮುಂದಿನ ಕಂತಿನಲ್ಲಿ ತರಬೇತಿ ಬಗ್ಗೆ ಬರೀತೀನಿ. ದೊಡ್ಡಮ್ಮ, ಉತ್ತರ ಉದ್ದ ಆಯಿತು, ಬೇಜಾರು ಮಾಡ್ಕೋಬೇಡಿ.